ಬೈಕಿನ ಚಕ್ರ ಎತ್ತುವ ಮೊದಲು ನೆಲದ ಮೇಲೆ ಉಳಿಯುವ ಚಕ್ರವನ್ನು ಕಟ್ಟಿಹಾಕಿ

ಪ್ರಶ್ನೆ: ನನ್ನದು ಕೆಟಿಎಂ ಡ್ಯೂಕ್ 200. ಈ ಗಾಡಿಗೆ ಡಬಲ್ ಸ್ಟ್ಯಾಂಡ್ ಇಲ್ಲ. ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ, ಬಲಗಡೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಕೆಳಗೆ ಸೈಜುಗಲ್ಲು ಕೊಟ್ಟು ಹಿಂದಿನ ಚಕ್ರ ಎತ್ತಿಕೊಂಡಿದ್ದೆ. ಚಕ್ರ ತಿರುಗಿಸಿ ಉಜ್ಜುತ್ತಿದ್ದಾಗ ಗಾಡಿ ತುಸು ಮುಂದೆ ಸರಿದು ಎಡಕ್ಕೆ ಬಿದ್ದೇಬಿಟ್ಟಿತು. ಕೂದಲೆಳೆಯಲ್ಲಿ ನನ್ನ ಕಾಲು ಉಳಿಯಿತು. ಈ ಸಲ ಸುರಕ್ಷಿತವಾಗಿ ಎತ್ತುವುದು ಹೇಗೆ? ಯಾವ ಸ್ಟ್ಯಾಂಡ್ ಕೊಳ್ಳಬೇಕು?
— ಓದುಗರು, ದಾವಣಗೆರೆ

ಉತ್ತರ: ನಿಮಗೆ ಪೆಟ್ಟಾಗಲಿಲ್ಲ ಎಂಬುದನ್ನು ಓದಿ ಸಮಾಧಾನವಾಯಿತು. ಒಂದೂವರೆ ಕ್ವಿಂಟಲ್ ದಾಟುವ ಗಾಡಿ ಪಾದದ ಮೇಲೆ ಬಿದ್ದರೆ ಮೂಳೆ ಮುರಿಯುವುದು ಸಾಮಾನ್ಯ. ಗಾಡಿ ಏಕೆ ಬಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳೋಣ, ಏಕೆಂದರೆ ಸ್ಟ್ಯಾಂಡ್ ಯಾವುದಾದರೂ ಸರಿ, ಬೀಳುವ ಕಾರಣ ಹೆಚ್ಚಾಗಿ ಇದೊಂದೇ ಆಗಿರುತ್ತದೆ.

ಸೈಡ್ ಸ್ಟ್ಯಾಂಡನ್ನು ನಾವು ಮುಂದಕ್ಕೆ ಒದ್ದು ಬಿಡಿಸುತ್ತೇವೆ, ಹಿಂದಕ್ಕೆ ಎಳೆದು ಮಡಚುತ್ತೇವೆ. ಆದ್ದರಿಂದ ಅದರ ತುದಿ ನೆಲಕ್ಕೆ ಕಚ್ಚಿಕೊಂಡಿರುವಾಗ ಗಾಡಿ ಮುಂದಕ್ಕೆ ಸರಿದರೆ ಸ್ಟ್ಯಾಂಡ್ ತಾನಾಗಿಯೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಡಬಲ್ ಸ್ಟ್ಯಾಂಡಿನದೂ ಇದೇ ಸ್ವಭಾವ. ನಾವು ದಿನಾ ಗಾಡಿಯನ್ನು ಮುಂದಕ್ಕೆ ನೂಕಿಯೇ ಅದನ್ನು ಇಳಿಸುತ್ತೇವೆ. ಸಾಮಾನ್ಯವಾಗಿ ನಿಲ್ಲಿಸಿದ ಗಾಡಿಯನ್ನು ಗೇರಿನಲ್ಲಿ ಇಟ್ಟರೆ ಹಿಂದಿನ ಚಕ್ರ ತಿರುಗದೆ ಗಾಡಿ ಅಲ್ಲಾಡದೆ ನಿಲ್ಲುತ್ತದೆ. ಆದರೆ ನೀವು ಹಿಂದಿನ ಚಕ್ರವನ್ನೇ ನೆಲದಿಂದ ಎತ್ತಿದಿರಿ. ಆ ಗಳಿಗೆಯಿಂದ ಗೇರಿಗೆ ಗಾಡಿಯನ್ನು ತಡೆಯುವ ಶಕ್ತಿ ಉಳಿಯುವುದಿಲ್ಲ, ಮುಂದಿನ ಚಕ್ರ ಸ್ವತಂತ್ರವಾಗಿ ಉರುಳಬಲ್ಲದು. ನೀವು ಬಟ್ಟೆಯಿಂದ ಒತ್ತಿ ಉಜ್ಜಿದಾಗ ಗಾಡಿ ನಾಲ್ಕು ಬೆರಳಿನಷ್ಟು ಮುಂದೆ ಸರಿದಿರಬೇಕು, ಸ್ಟ್ಯಾಂಡ್ ಮಡಚಿಕೊಂಡಿತು, ಎಡಕ್ಕೆ ಬಿತ್ತು. ಕಲ್ಲಿನ ಬದಲು ಮರದ ದಿಮ್ಮಿ ಇಟ್ಟಿದ್ದರೂ ಇಷ್ಟೇ ಆಗುತ್ತಿತ್ತು.

ಆದ್ದರಿಂದ ಚಕ್ರ ಎತ್ತುವ ಯೋಚನೆ ಬಂದಾಗ ನೆಲದ ಮೇಲೆ ಉಳಿಯುವ ಚಕ್ರವನ್ನು ಮೊದಲು ನೋಡಿ. ಹಿಂದಿನ ಚಕ್ರ ಎತ್ತುವುದಾದರೆ ಮುಂದಿನ ಬ್ರೇಕ್ ಲಿವರನ್ನು ಪೂರ್ತಿ ಹಿಡಿದು, ಹಿಡಿಕೆಗೆ ಸೇರಿಸಿ ಬಿಗಿಯಾಗಿ ಕಟ್ಟಬೇಕು. ಹಳೆಯ ಟ್ಯೂಬಿನಿಂದ ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ ಮೂರು ಸುತ್ತು ಸುತ್ತಿದರೆ ಅದಕ್ಕಿಂತ ಒಳ್ಳೆಯ ಕಟ್ಟು ಇನ್ನೊಂದಿಲ್ಲ. ನೂಲಿನ ಹಗ್ಗ ಸಡಿಲಾಗುತ್ತದೆ, ರಬ್ಬರ್ ಎಳೆದು ಹಿಡಿದೇ ಇರುತ್ತದೆ. ಕಟ್ಟಿದ ಮೇಲೆ ಹಿಂದಿನಿಂದ ಗಾಡಿಯನ್ನು ಒಮ್ಮೆ ನೂಕಿ ನೋಡಿ. ಮುಂದಿನ ಫೋರ್ಕ್ ಕುಗ್ಗಬೇಕು, ಚಕ್ರ ಮಾತ್ರ ಉರುಳಬಾರದು. ಇದರ ಜೊತೆಗೆ ಮುಂದಿನ ಚಕ್ರದ ಎದುರಿಗೆ ಇಟ್ಟಿಗೆಯನ್ನೋ ಮರದ ಬೆಣೆಯನ್ನೋ ಒತ್ತಿ ಇಡಿ.

ಇನ್ನು, ಚಕ್ರವನ್ನು ನಿಜಕ್ಕೂ ಎತ್ತಬೇಕೇ ಎಂಬುದನ್ನೂ ಕೇಳಿಕೊಳ್ಳಿ. ಬರಿಯ ಚಕ್ರ, ಅಂದರೆ ರಿಮ್ಮು, ಕಡ್ಡಿ, ಟೈರಿನ ಬದಿ ಇಷ್ಟನ್ನು ತೊಳೆಯುವುದಕ್ಕೆ ಎತ್ತುವ ಅಗತ್ಯವೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಗಾಡಿಯ ಚಕ್ರ ಒಂದು ಪೂರ್ತಿ ಸುತ್ತು ತಿರುಗಲು ಸುಮಾರು 1.9 ಮೀಟರ್ ಉರುಳುತ್ತದೆ. ಕಾಣುವ ಭಾಗವನ್ನು ಉಜ್ಜಿ, 60 ಸೆಂಟಿಮೀಟರಿನಷ್ಟು ಮುಂದೆ ನೂಕಿ, ಮತ್ತೆ ಸೈಡ್ ಸ್ಟ್ಯಾಂಡ್ ಹಾಕಿ ಗೇರಿಗೆ ಬಿಟ್ಟು ಉಜ್ಜಿದರೆ ಮೂರು ಸಲಕ್ಕೆ ಎರಡೂ ಚಕ್ರಗಳ ಕೆಲಸ ಮುಗಿಯುತ್ತದೆ. ಚೈನಿನ ಲೆಕ್ಕ ಬೇರೆ. ನೂರಕ್ಕಿಂತ ಹೆಚ್ಚು ಕೊಂಡಿಗಳಿರುವ ಚೈನು ನಲವತ್ತು ಚಿಲ್ಲರೆ ಹಲ್ಲುಗಳ ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲಿನ ಗಾಲಿ) ಮೇಲೆ ಒಂದು ಸುತ್ತು ಬರಬೇಕಾದರೆ ಚಕ್ರ ಸುಮಾರು ಎರಡೂವರೆ ಸಲ ತಿರುಗಬೇಕು, ಅಂದರೆ ಗಾಡಿ ಐದು ಮೀಟರಿನಷ್ಟು ಉರುಳಬೇಕು. ಮನೆಯ ಮುಂದೆ ಅಷ್ಟು ಜಾಗ ಎಲ್ಲರಿಗೂ ಇರುವುದಿಲ್ಲ, ಆದ್ದರಿಂದ ಚೈನಿನ ಕೆಲಸಕ್ಕೆ ಹಿಂದಿನ ಚಕ್ರ ಎತ್ತುವುದು ಸರಿಯಾದ ನಿರ್ಧಾರ.

ನಿಮ್ಮ ಗಾಡಿಗೆ ಬೇಕಾದದ್ದು ಪ್ಯಾಡಕ್ ಸ್ಟ್ಯಾಂಡ್, ಅಂದರೆ ಹಿಂದಿನ ಚಕ್ರವನ್ನು ಹಿಂದಿನಿಂದ ಎತ್ತಿ ಹಿಡಿಯುವ ಬಿಡಿ ಸ್ಟ್ಯಾಂಡ್. ಇದರಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಸ್ವಿಂಗ್ ಆರ್ಮ್ ಕೆಳಗೆ ರಬ್ಬರ್ ಪಟ್ಟಿ ಹಾಕಿದ ತಟ್ಟೆ ಕೂರುತ್ತದೆ. ಇನ್ನೊಂದರಲ್ಲಿ ಸ್ವಿಂಗ್ ಆರ್ಮಿಗೆ ಎರಡೂ ಬದಿಯಲ್ಲಿ ಸ್ಪೂಲ್ ಎಂಬ ಉರುಟು ಗುಬುಟುಗಳನ್ನು ಬೋಲ್ಟ್ ಮಾಡಿ, ಸ್ಟ್ಯಾಂಡಿನ ಕೊಕ್ಕೆಗಳನ್ನು ಅವುಗಳ ಕೆಳಗೆ ಕೂರಿಸಲಾಗುತ್ತದೆ. ತಟ್ಟೆಯ ಮೇಲೆ ಸ್ವಿಂಗ್ ಆರ್ಮ್ ಜಾರಬಹುದು, ಕೊಕ್ಕೆಯಿಂದ ಸ್ಪೂಲ್ ಸುಲಭವಾಗಿ ಜಾರುವುದಿಲ್ಲ. ಡ್ಯೂಕಿನ ಸ್ವಿಂಗ್ ಆರ್ಮಿನಲ್ಲಿ ಸ್ಪೂಲಿಗೆಂದೇ ಮರೆ (ಥ್ರೆಡ್) ಇರುವ ತೂತುಗಳಿವೆ, ಹಾಗಾಗಿ ಎರಡನೆಯದನ್ನೇ ಕೊಳ್ಳಿ. ಸ್ಪೂಲಿನ ಬೋಲ್ಟನ್ನು ಮೊದಲ ಮೂರು ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ. ಬಿಗಿಯೆನಿಸಿದರೆ ಅಳತೆ ತಪ್ಪಿದೆ ಎಂದೇ ತಿಳಿಯಿರಿ. ಆ ಸ್ವಿಂಗ್ ಆರ್ಮ್ ಅಲ್ಯೂಮಿನಿಯಮ್ಮಿನದು, ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಮರೆ ಹರಿದುಹೋಗುತ್ತದೆ.

ಎತ್ತುವಾಗ ಇಬ್ಬರಿರಲಿ. ನೆಲ ಸಮತಟ್ಟಾಗಿ, ಒಣಗಿರಬೇಕು. ಗೇಟಿನ ಮುಂದಿನ ಇಳಿಜಾರಿನಲ್ಲಿ ಈ ಕೆಲಸ ಬೇಡವೇ ಬೇಡ. ನುಣುಪು ಟೈಲ್ಸ್ ಇದ್ದರೆ ರಬ್ಬರ್ ಮ್ಯಾಟ್ ಹಾಸಿ. ಹವಾಯಿ ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ, ಸೈಡ್ ಸ್ಟ್ಯಾಂಡ್ ಬಿಡಿಸಿಯೇ ಇರಲಿ. ಸ್ಟ್ಯಾಂಡಿನ ಎರಡು ತೋಳುಗಳ ಅಗಲವನ್ನು ಸ್ಪೂಲುಗಳ ಅಂತರಕ್ಕೆ ಮೊದಲೇ ಹೊಂದಿಸಿಕೊಳ್ಳಿ. ಒಬ್ಬರು ಗಾಡಿಯ ಎಡಕ್ಕೆ ನಿಂತು ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಲಿ. ಇನ್ನೊಬ್ಬರು ಹಿಂದೆ ಕುಳಿತು ಎರಡೂ ಕೊಕ್ಕೆಗಳನ್ನು ಸ್ಪೂಲಿನ ಕೆಳಗೆ ತಾಗಿಸಲಿ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎಡಗಡೆಯದು ಕಣ್ಣೆದುರಿಗೇ ಇರುವುದರಿಂದ ಸರಿಯಾಗಿ ಕೂತಿರುತ್ತದೆ, ಬಲಗಡೆಯದು ಅರ್ಧ ಬೆರಳು ಹೊರಗೆ ಉಳಿದಿರುತ್ತದೆ. ನಾನು ಕಂಡ ಕೆಲವು ಅವಘಡಗಳು ಹೀಗೇ ಆದವು. ತಲೆ ಬಗ್ಗಿಸಿ ಎರಡನ್ನೂ ನೋಡಿದ ಮೇಲೆ ಸ್ಟ್ಯಾಂಡಿನ ಹಿಡಿಯನ್ನು ನೆಲ ಮುಟ್ಟುವವರೆಗೆ ಒಂದೇ ಹದದಲ್ಲಿ ಒತ್ತಬೇಕು, ಜಗ್ಗಬಾರದು.

ಇಳಿಸುವಾಗ ಎತ್ತುವಾಗಿನದಕ್ಕಿಂತ ಹೆಚ್ಚು ಎಚ್ಚರ ಬೇಕು. ತೊಳೆಯುವಾಗ ಅಡ್ಡವಾಯಿತೆಂದು ಸೈಡ್ ಸ್ಟ್ಯಾಂಡನ್ನು ಯಾರೋ ಮಡಚಿರುತ್ತಾರೆ. ಅದು ನೆನಪಿಲ್ಲದೆ ಚಕ್ರ ಇಳಿಸಿ ಎಡಕ್ಕೆ ವಾಲಿಸಿದರೆ ಗಾಡಿ ನೇರವಾಗಿ ನೆಲಕ್ಕೇ ಹೋಗುತ್ತದೆ. ಸೈಡ್ ಸ್ಟ್ಯಾಂಡ್ ಬಿಡಿಸಿದೆಯೇ ಎಂದು ಬಗ್ಗಿ ನೋಡಿ, ಹ್ಯಾಂಡಲ್ ಹಿಡಿಯಲು ಜೊತೆಗಾರರು ಸಿದ್ಧರಾದ ಮೇಲೆಯೇ ಹಿಡಿಯನ್ನು ಮೇಲೆತ್ತಿ. ಮುಂದಿನ ಬ್ರೇಕಿನ ಕಟ್ಟನ್ನು ಎಲ್ಲದರ ಕೊನೆಗೆ ಬಿಚ್ಚಿ. ಇಷ್ಟಾಗಿಯೂ ಗಾಡಿ ಬೀಳಲು ಹೊರಟರೆ ದಯವಿಟ್ಟು ಹಿಂದೆ ಸರಿದು ಬೀಳಲು ಬಿಡಿ. ಮುರಿದ ಕ್ಲಚ್ ಲಿವರನ್ನು ಮರುದಿನವೇ ಹಾಕಿಸಬಹುದು.

ಹಬ್ಬಕ್ಕೆ ಸಂಬಂಧಿಸಿದ ಎರಡು ಮಾತು. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಪೂರ್ತಿ ಒರೆಸಿ, ಆರಲು ಬಿಟ್ಟು, ಎಣ್ಣೆಯ ಬಟ್ಟೆಗಳನ್ನು ದೂರ ಹಾಕಿದ ಮೇಲೆಯೇ ಗಾಡಿಯ ಮುಂದೆ ಕರ್ಪೂರ ಹಚ್ಚಿ. ಪೆಟ್ರೋಲನ್ನಂತೂ ಬಳಸಲೇಬೇಡಿ, ಅದು ಬೆಂಕಿಗೂ ಅಪಾಯ, ಚೈನಿನೊಳಗಿನ ರಬ್ಬರ್ ರಿಂಗುಗಳಿಗೂ ಕೇಡು. ಗಂಧ, ಕುಂಕುಮ, ವಿಭೂತಿಯನ್ನು ಹೆಡ್‌ಲೈಟಿಗೆ, ಟ್ಯಾಂಕಿಗೆ, ಮಡ್‌ಗಾರ್ಡಿಗೆ ಹಚ್ಚಿ, ಬ್ರೇಕ್ ಡಿಸ್ಕಿಗೆ ಹಚ್ಚಬೇಡಿ. ಹೊಳಪಿನ ಎಣ್ಣೆಯೂ ಅಷ್ಟೇ, ಡಿಸ್ಕಿಗೂ ಟೈರಿನ ನೆಲ ಮುಟ್ಟುವ ಭಾಗಕ್ಕೂ ತಾಗಬಾರದು.

ಪ್ರಶ್ನೆ: ನಮ್ಮ ಮನೆಯಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೆಸರು ತೆಗೆಯಲೇಬೇಕು. ಡಬಲ್ ಸ್ಟ್ಯಾಂಡ್ ಹಾಕಲು ನನಗೆ ಶಕ್ತಿ ಸಾಲುವುದಿಲ್ಲ. ಮಗ ಹಾಕಿಕೊಡುತ್ತಾನೆ, ಆದರೆ ಎಂಜಿನ್ ಸ್ಟಾರ್ಟ್ ಮಾಡಿ ಫಸ್ಟ್ ಗೇರಿನಲ್ಲಿ ಬಿಟ್ಟು, ಓಡುವ ಚೈನಿಗೆ ಬಟ್ಟೆ ಹಿಡಿದು ಒರೆಸುತ್ತಾನೆ. ನೋಡಿದರೆ ಭಯವಾಗುತ್ತದೆ. ಗ್ಯಾರೇಜಿನವರೂ ಹೀಗೇ ಮಾಡುತ್ತಾರೆ ಎನ್ನುತ್ತಾನೆ.
— ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಭಯ ಸರಿಯಾದದ್ದು ಅಮ್ಮ. ಮಗನಿಗೆ ಈ ಉತ್ತರವನ್ನು ಓದಿ ಹೇಳಿ.

ಎಂಜಿನ್ ಫಸ್ಟ್ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ ನಿಧಾನವಾಗಿ ಓಡುತ್ತಿದ್ದರೂ ಚೈನು ಸೆಕೆಂಡಿಗೆ ಹೆಚ್ಚುಕಡಿಮೆ ಅರ್ಧ ಮೀಟರ್ ಸಾಗುತ್ತಿರುತ್ತದೆ. ಬಟ್ಟೆಯ ಒಂದು ಎಳೆ ಹಲ್ಲಿಗೆ ಸಿಕ್ಕಿತು ಎನ್ನಿ. ಅದು ಗೊತ್ತಾಗಿ ಕೈ ಹಿಂದೆಗೆದುಕೊಳ್ಳಲು ಕಾಲು ಸೆಕೆಂಡಾದರೂ ಬೇಕು, ಅಷ್ಟರೊಳಗೆ ಬಟ್ಟೆ ನಾಲ್ಕೈದು ಅಂಗುಲ ಒಳಗೆ ಹೋಗಿರುತ್ತದೆ, ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡಿದ್ದರೆ ಬೆರಳೂ ಅದರ ಜೊತೆಗೆ ಹೋಗುತ್ತದೆ. ಎಂಜಿನ್ ಅಲ್ಲಿಗೆ ನಿಲ್ಲುವುದೂ ಇಲ್ಲ. ಚೈನು ಸ್ಪ್ರಾಕೆಟ್ಟಿನ ಹಲ್ಲಿಗೆ ಬಂದು ಕೂರುವ ಆ ಮೂಲೆಯಲ್ಲಿ ಬೆರಳಿನ ತುದಿ ಕಳೆದುಕೊಂಡವರು ಗ್ಯಾರೇಜುಗಳಲ್ಲೇ ಇದ್ದಾರೆ. ಬೇಕಾದರೆ ವಯಸ್ಸಾದ ಮೆಕ್ಯಾನಿಕ್ಕೊಬ್ಬರನ್ನು ಕೇಳಿ ನೋಡಲಿ.

ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ಗೆ ತಂದು, ಕೀ ತೆಗೆದು, ಚಕ್ರವನ್ನು ಒಂದು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತಾ ಕೆಲಸ ಮಾಡಬೇಕು. ಬ್ರಷ್ಷನ್ನೋ ಬಟ್ಟೆಯನ್ನೋ ಎರಡು ಸ್ಪ್ರಾಕೆಟ್ಟುಗಳ ನಡುವೆ, ಚೈನಿನ ಕೆಳಸಾಲಿನ ಮಧ್ಯದಲ್ಲಿ ಹಿಡಿಯಬೇಕು. ಚಕ್ರ ತಿರುಗುತ್ತಿರುವಾಗ ಆ ಕೈ ಹಲ್ಲುಗಳ ಕಡೆಗೆ ಸರಿಯಲೇಬಾರದು. ಕೈಯಿಂದ ಜೋರಾಗಿ ಬೀಸಿಬಿಟ್ಟ ಚಕ್ರಕ್ಕೂ ಬೆರಳು ಕತ್ತರಿಸುವಷ್ಟು ವೇಗ ಇರುತ್ತದೆ, ಆದ್ದರಿಂದ ಬೀಸದೆ ಒಂದೊಂದು ಗೇಣು ತಿರುಗಿಸಲಿ. ತಂತಿ ಬ್ರಷ್ ಬೇಡ. ಒರೆಸಿ ಒಣಗಿಸಿದ ಮೇಲೆ ಎಸ್‌ಎಇ 90 ಗೇರ್ ಆಯಿಲ್ಲನ್ನೋ ಚೈನ್ ಲ್ಯೂಬನ್ನೋ ಹಾಕಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಲಿ.

ಇನ್ನು ಡಬಲ್ ಸ್ಟ್ಯಾಂಡಿನ ಮಾತು. ಆ ಗಾಡಿ 195 ಕಿಲೋ ತೂಗುತ್ತದೆ, ಅದನ್ನು ತೋಳಿನ ಬಲದಿಂದ ಎತ್ತುವುದು ಯಾರಿಂದಲೂ ಸಾಧ್ಯವಿಲ್ಲ. ಎತ್ತುವ ಕೆಲಸ ಮಾಡಬೇಕಾದದ್ದು ನಿಮ್ಮ ಮೈಭಾರ. ಗಾಡಿಯ ಎಡಕ್ಕೆ ನಿಂತು ಎಡಗೈಯಲ್ಲಿ ಹ್ಯಾಂಡಲ್ ಹಿಡಿಯಿರಿ, ಬಲಗೈಯಲ್ಲಿ ಸೀಟಿನ ಪಕ್ಕದ ಹಿಡಿಕೆ ಹಿಡಿಯಿರಿ. ಗಾಡಿಯನ್ನು ನೆಟ್ಟಗೆ ಮಾಡಿ, ಬಲಗಾಲಿನಿಂದ ಸ್ಟ್ಯಾಂಡಿನ ಚಾಚನ್ನು ನಿಧಾನವಾಗಿ ಕೆಳಗೆ ಒತ್ತಿ. ಮೊದಲು ಸ್ಟ್ಯಾಂಡಿನ ಒಂದು ಪಾದ ನೆಲಕ್ಕೆ ತಾಗಿ ‘ಟಕ್’ ಎನ್ನುತ್ತದೆ. ಗಾಡಿಯನ್ನು ಕೂದಲಿನಷ್ಟು ಅತ್ತ ಇತ್ತ ಮಾಡಿದರೆ ಇನ್ನೊಂದು ಪಾದವೂ ತಾಗಿ ಎರಡನೆಯ ‘ಟಕ್’ ಕೇಳಿಸುತ್ತದೆ, ಆಗ ಹ್ಯಾಂಡಲ್ ಕೈಯಲ್ಲಿ ಹಗುರವಾಗುವುದು ನಿಮಗೇ ಗೊತ್ತಾಗುತ್ತದೆ. ಆ ಎರಡನೆಯ ಶಬ್ದ ಕೇಳುವವರೆಗೆ ಒತ್ತಡ ಹಾಕಬೇಡಿ. ಒಂದೇ ಪಾದದ ಮೇಲೆ ಎತ್ತಲು ಹೋದಾಗಲೇ ಗಾಡಿ ಬಲಕ್ಕೆ ಉರುಳುವುದು. ಎರಡೂ ತಾಗಿದ ಮೇಲೆ ಮೆಟ್ಟಿಲು ಹತ್ತುವಂತೆ ಆ ಚಾಚಿನ ಮೇಲೆ ಪೂರ್ತಿ ನಿಂತುಬಿಡಿ. ಬಲಗೈ ಗಾಡಿಗೆ ದಾರಿ ತೋರಿಸಿದರೆ ಸಾಕು, ಗಾಡಿ ಹಿಂದಕ್ಕೆ ಸರಿದು ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಮೊದಲ ನಾಲ್ಕೈದು ಸಲ ಮಗ ಬಲಗಡೆ ನಿಂತಿರಲಿ.

ಅಂಗಳದ ಹಸಿಮಣ್ಣಿನಲ್ಲಿ ಸ್ಟ್ಯಾಂಡಿನ ಒಂದು ಪಾದ ಹೂತುಹೋಗುವುದುಂಟು. ಎರಡೂ ಪಾದಗಳು ಕೂರುವಷ್ಟು ಅಗಲದ, ಒಂದೇ ದಪ್ಪದ ಹಲಗೆಯನ್ನು ಮೊದಲೇ ಕೆಳಗೆ ಹಾಕಿಕೊಳ್ಳಿ. ಮುಂದಿನ ಬ್ರೇಕ್ ಕಟ್ಟುವುದನ್ನು ಮೇಲಿನ ಉತ್ತರದಲ್ಲಿ ಹೇಳಿದ್ದೇನೆ, ಡಬಲ್ ಸ್ಟ್ಯಾಂಡಿನ ಗಾಡಿಗೂ ಅದು ಬೇಕು, ಆದರೆ ಇಲ್ಲಿ ಸ್ಟ್ಯಾಂಡ್ ಹಾಕಿದ ಮೇಲೆ ಕಟ್ಟಿ, ಇಳಿಸುವ ಮೊದಲು ಬಿಚ್ಚಿ. ಹತ್ತಿರದಲ್ಲಿ ಮಕ್ಕಳಿದ್ದರೆ ಕೆಲಸ ಮುಗಿಯುವವರೆಗೆ ಒಳಗೆ ಕಳುಹಿಸಿ.

ಪ್ರಶ್ನೆ: ಸ್ಪ್ಲೆಂಡರಿನ ಮುಂದಿನ ಚಕ್ರ ಎತ್ತಲು ಎಂಜಿನ್ ಕೆಳಗೆ ಕಾರಿನ ಜ್ಯಾಕ್ ಕೊಡಬಹುದೇ?
— ಓದುಗರು, ಮೈಸೂರು

ಉತ್ತರ: ಬೇಡ. ಹಾಗೆ ಕೊಟ್ಟರೆ ಜ್ಯಾಕಿನ ಸಣ್ಣ ತಲೆ ನೇರವಾಗಿ ಅಲ್ಯೂಮಿನಿಯಮ್ಮಿನ ಎಂಜಿನ್ ತಳಕ್ಕೇ ಒತ್ತುತ್ತದೆ. ಬಿರುಕು ಬಿಟ್ಟರೆ ಆಯಿಲ್ ಸೋರುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ, ಜ್ಯಾಕ್ ಮುಂಭಾಗವನ್ನು ಎತ್ತುತ್ತಿದ್ದಂತೆ ಡಬಲ್ ಸ್ಟ್ಯಾಂಡಿನ ಪಾದಗಳು ನೆಲ ಬಿಡತೊಡಗಿ ಗಾಡಿ ಪಕ್ಕಕ್ಕೆ ತೂಗಾಡುತ್ತದೆ. ತೊಳೆಯುವುದಕ್ಕಾದರೆ ಗಾಡಿಯನ್ನು ಉರುಳಿಸಿಕೊಂಡೇ ಮೂರು ಸಲಕ್ಕೆ ತೊಳೆಯಿರಿ, ಚಕ್ರದ ನಡುವಿನ ಹಬ್ಬಿನ ಬೇರಿಂಗಿನ ಕಡೆಗೆ ಜೋರಾದ ನೀರು ಬಿಡಬೇಡಿ. ಚಕ್ರ ಸದ್ದಿಲ್ಲದೆ ತಿರುಗುತ್ತದೆಯೇ ಎಂದು ನೋಡಬೇಕಿದ್ದರೆ, ಡಬಲ್ ಸ್ಟ್ಯಾಂಡ್ ಹಾಕಿ, ಜೊತೆಗಾರರು ಹಿಂದಿನ ಕ್ಯಾರಿಯರನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಬದಿಯಲ್ಲಿ ನಿಂತು ಚಕ್ರವನ್ನು ಒಮ್ಮೆ ತಿರುಗಿಸಿ ಕಿವಿಗೊಡಿ, ಟೈರಿನ ಕೆಳಗೆ ಕೈ ಒಡ್ಡಬೇಡಿ. ಗರಗರ ಸದ್ದು ಕೇಳಿಸಿದರೆ ಚಕ್ರ ಬಿಚ್ಚುವ ಕೆಲಸವನ್ನು ಗ್ಯಾರೇಜಿಗೆ ಬಿಡಿ.