ಅರಸಿನ, ಕಹಿಬೇವು ಮತ್ತು ಹದಿಹರೆಯದ ಮೊಡವೆ

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಎರಡು ವರ್ಷಗಳಿಂದ ಹಣೆ, ಕೆನ್ನೆಗಳ ಮೇಲೆ ಮೊಡವೆಗಳಿವೆ. ಅತ್ತೆಯವರು ಹಿತ್ತಿಲಿನ ಕಹಿಬೇವಿನ ಸೊಪ್ಪು ಮತ್ತು ಅರಸಿನವನ್ನು ಅರೆದು, ತೆಂಗಿನೆಣ್ಣೆಯಲ್ಲಿ ಕಲಸಿ ರಾತ್ರಿ ಹಚ್ಚುತ್ತಾರೆ, ಕಲೆಗಳಿಗೆ ಲಿಂಬೆರಸ. ಗುಣ ಕಾಣಲಿಲ್ಲ. ಗಿಡಗಳಲ್ಲಿ ಮೊಡವೆಗೆ ನಿಜವಾಗಿಯೂ ಮದ್ದಿದೆಯೇ ಡಾಕ್ಟರೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಇದೆ. ಆದರೆ ಸೊಪ್ಪಿನಲ್ಲಿ ಮದ್ದಿನ ಅಂಶ ಇರುವುದು ಬೇರೆ, ಅದು ಬೇಕಾದಷ್ಟು ಪ್ರಮಾಣದಲ್ಲಿ ರೋಮಕೂಪದ ಒಳಗೆ ತಲುಪುವುದು ಬೇರೆ. ಹಾರ್ಮೋನುಗಳ ಪ್ರಭಾವದಿಂದ ಜಿಡ್ಡಿನ ಗ್ರಂಥಿಗಳು ಹೆಚ್ಚು ಸ್ರವಿಸಿ, ಸತ್ತ ಜೀವಕೋಶಗಳು ಕೂಪದ ಬಾಯಿಗೆ ಬಿರಡೆಯಂತೆ ಕುಳಿತು, ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾದಾಗ ಮೊಡವೆ ಏಳುತ್ತದೆ. ಅರಸಿನದ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣವಿದ್ದರೂ ಅದು ಚರ್ಮದೊಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ತಲೆದಿಂಬಿನ ಬಟ್ಟೆಗೆ ಹಿಡಿದಷ್ಟು ಕೂಪಕ್ಕೆ ಹಿಡಿಯದು.

ನಿಮ್ಮ ಮನೆಯ ಲೇಪದಲ್ಲಿ ನನಗೆ ಅನುಮಾನವಿರುವುದು ಸೊಪ್ಪಿನ ಮೇಲಲ್ಲ, ಎಣ್ಣೆಯ ಮೇಲೆ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲವು ಪ್ರಯೋಗಾಲಯದಲ್ಲಿ ಮೊಡವೆಯ ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೆಂಬುದು ನಿಜ. ಆದರೆ ಎಣ್ಣೆಯಲ್ಲಿ ಅದು ಬಿಡಿಯಾಗಿರದೆ ಕೊಬ್ಬಿನ ಭಾಗವಾಗಿರುತ್ತದೆ, ಮೇಲಾಗಿ ಎಣ್ಣೆಯೇ ಕೂಪಗಳನ್ನು ಮುಚ್ಚಬಲ್ಲದು. ಕೂದಲಿನ ಅಂಚಿನಗುಂಟ ಸಾಲಾಗಿ ಎದ್ದ ಸಣ್ಣ ಗುಳ್ಳೆಗಳನ್ನು ಕಂಡಾಗಲೆಲ್ಲ ನಾನು ಮೊದಲು ಕೇಳುವುದು ತಲೆಗೆ ಹಾಕುವ ಎಣ್ಣೆಯನ್ನೇ.

ಪರೀಕ್ಷೆಗೆ ಒಳಗಾದವುಗಳಲ್ಲಿ ಟೀ ಟ್ರೀ ಎಣ್ಣೆ ಗಮನಾರ್ಹ. ಆಸ್ಟ್ರೇಲಿಯದಲ್ಲಿ 124 ಮಂದಿಯ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 5ರ ಈ ಎಣ್ಣೆಯ ಜೆಲ್, ಮೊಡವೆಗೆ ಸಾಮಾನ್ಯವಾಗಿ ಹಚ್ಚುವ ಔಷಧವಾದ ಶೇ. 5ರ ಬೆಂಝಾಯಿಲ್ ಪೆರಾಕ್ಸೈಡ್‌ನಂತೆಯೇ ಮೊಡವೆಗಳನ್ನು ಇಳಿಸಿತು; ನಿಧಾನವಾಗಿ, ಆದರೆ ಕಡಿಮೆ ಉರಿಯೊಂದಿಗೆ. ಇದು ನಮ್ಮ ಚಹಾದ ಗಿಡದ್ದಲ್ಲ, ಆಸ್ಟ್ರೇಲಿಯದ ಬೇರೊಂದು ಮರದ ಎಲೆಯ ಎಣ್ಣೆ; ದುರ್ಬಲಗೊಳಿಸದೆ ಹಚ್ಚಿದರೆ ಚರ್ಮ ಅಲರ್ಜಿಯಿಂದ ಕೆಂಪಾಗಬಹುದು. ಗೋಧಿ, ಬಾರ್ಲಿಯಲ್ಲಿಯೂ ಕಂಡುಬರುವ ಅಝೆಲಾಯಿಕ್ ಆಮ್ಲ ಮೊಡವೆಯನ್ನೂ ಅದರ ಕಪ್ಪು ಕಲೆಯನ್ನೂ ತಗ್ಗಿಸುತ್ತದೆ. ಮಗಳಿಗೆ ನಾನು ಸೂಚಿಸುವುದು ಇದನ್ನೇ, ವೈದ್ಯರ ಚೀಟಿಯ ಮೇರೆಗೆ. ಎಂಟರಿಂದ ಹನ್ನೆರಡು ವಾರ ಕಾಯದೆ ಫಲ ಅಳೆಯಬಾರದು.

ಲಿಂಬೆರಸವನ್ನು ಇಂದೇ ನಿಲ್ಲಿಸಿ. ಅದು ತಾಗಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಸುಟ್ಟಂತಾಗಿ, ಮೊಡವೆಯ ಕಲೆಗಿಂತ ಗಾಢವಾದ ಕಲೆ ಉಳಿಯಬಹುದು. ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ ಅಥವಾ ಮುಟ್ಟು ಏರುಪೇರಾಗಿದ್ದರೆ ಚರ್ಮತಜ್ಞರನ್ನು ತಡಮಾಡದೆ ಕಾಣಿ. ಅತ್ತೆಯವರು ಬೇಕಾದರೆ ಮೊಮ್ಮಗಳ ತಲೆಗೆ ಎಣ್ಣೆ ಹಾಕಲಿ, ಹಣೆಗೆ ಇಳಿಯದಂತೆ, ಸ್ನಾನಕ್ಕೆ ಒಂದು ಗಂಟೆ ಮೊದಲು.