ಟೀ ವಿರಾಮದಲ್ಲಿ ಒಬ್ಬರೇ ನಿಂತವರಿಗೆ

ಪ್ರಶ್ನೆ: ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬೆಳಕು ಏರಿಳಿಯುವ ನಕ್ಷತ್ರಗಳು ನನ್ನ ವಿಷಯ. ನಮ್ಮ ವಿಭಾಗದಲ್ಲಿ ಖಗೋಳ ವಿಜ್ಞಾನದವರು ಅಂದರೆ ನಾನು ಮತ್ತು ನನ್ನ ಗೈಡ್, ಇಬ್ಬರೇ. ಈ ಸಲ ಆಸ್ಟ್ರನಾಮಿಕಲ್ ಸೊಸೈಟಿ ಆಫ್ ಇಂಡಿಯಾದ ವಾರ್ಷಿಕ ಸಭೆಗೆ ಹೋಗಿದ್ದೆ. ಟೀ ಹೊತ್ತಿನಲ್ಲಿ ದೊಡ್ಡ ಸಂಸ್ಥೆಯವರೆಲ್ಲ ತಮ್ಮ ತಮ್ಮಲ್ಲೇ ಮಾತಾಡುತ್ತಾ ನಿಂತಿದ್ದರು. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ. ಸೊಸೈಟಿಯಲ್ಲಿ ಬೇರೆ ಬೇರೆ ಸಮಿತಿ, ಗುಂಪುಗಳು ಇವೆಯಲ್ಲ, ಅವುಗಳಿಂದ ನನ್ನಂಥವನಿಗೆ ಏನಾದರೂ ಉಪಯೋಗ ಇದೆಯಾ ಮೇಡಂ? ಸದಸ್ಯತ್ವ ಅನ್ನೋದು ಬಯೋಡೇಟಾಕ್ಕೆ ಒಂದು ಸಾಲು ಅಷ್ಟೇ ಅಂತಾರೆ ಸೀನಿಯರ್‌ಗಳು.
– ಹೆಸರು ಬೇಡ, ಕಲಬುರಗಿ

ಉತ್ತರ: ಇದೆ. ಹೆಚ್ಚು ಉಪಯೋಗ ಇರುವುದೇ ನಿಮ್ಮಂಥವರಿಗೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲೋ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯೂಕಾದಲ್ಲೋ ಇರುವವರು ಕ್ಯಾಂಟೀನಿಗೆ ಹೋದರೆ ಸಾಕು, ತಮ್ಮ ವಿಷಯದ ನಾಲ್ಕು ಜನ ಸಿಗುತ್ತಾರೆ. ನಿಮಗೆ ಆ ಅನುಕೂಲ ಇಲ್ಲ. ಅದಕ್ಕೇ ನಿಮಗೆ ಸೊಸೈಟಿ ಬೇಕು. 1972ರಲ್ಲಿ ಅದು ಶುರುವಾಗಿದ್ದೂ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ನೆಲೆ ಮಾಡಿಕೊಂಡು. ಅದೂ ನಿಮ್ಮದರ ಹಾಗೆ ಒಂದು ರಾಜ್ಯದ ವಿಶ್ವವಿದ್ಯಾಲಯವೇ.

ಟೀ ಹೊತ್ತಿನಲ್ಲಿ ಗುಂಪಾಗಿ ನಿಲ್ಲುವವರು ನಿಮ್ಮನ್ನು ದೂರ ಇಡಬೇಕು ಅಂತ ನಿಲ್ಲುವುದಿಲ್ಲ. ಒಂದೇ ಹಾಸ್ಟೆಲಿನವರು, ಒಂದೇ ರೈಲಿನಲ್ಲಿ ಬಂದವರು. ಅಲ್ಲಿ ನುಗ್ಗಲು ಹೋಗಬೇಡಿ. ಕಪ್ಪು ಹಿಡಿದುಕೊಂಡು, ಒಬ್ಬೊಬ್ಬರ ಸಂಶೋಧನೆ ಬರೆದು ತೂಗುಹಾಕಿರುವ ಪೋಸ್ಟರ್‌ಗಳ ಕಡೆ ನಡೆಯಿರಿ. ಪ್ರತಿ ಪೋಸ್ಟರಿನ ಪಕ್ಕದಲ್ಲೂ ಒಬ್ಬರು ನಿಂತಿರುತ್ತಾರೆ, ಯಾರಾದರೂ ಬಂದು ಕೇಳಲಿ ಅಂತ ಕಾಯುತ್ತಾ. ಒಂದು ವರ್ಷ ನಾನೂ ಹಾಗೇ ನಿಂತಿದ್ದೆ. ಒಬ್ಬ ಹುಡುಗ ಬಂದ. ಒಂದು ನಕ್ಷತ್ರದ ಬೆಳಕಿನ ಏರಿಳಿತ ತೋರಿಸುವ ನನ್ನ ಗ್ರಾಫಿನಲ್ಲಿ ಚುಕ್ಕೆಗಳಿಲ್ಲದ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಯಾಕೆ ಖಾಲಿ?" ಅಂದ. ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಹಿಂಗಾರಿನ ಮೋಡ, ದೂರದರ್ಶಕ ತೆರೆಯಲೇ ಇಲ್ಲ ಅಂದೆ. ಅದೇ ನಕ್ಷತ್ರದ ಆ ವಾರಗಳ ಅಳತೆ ಅವನ ಹತ್ತಿರ ಇತ್ತು, ಬೇರೊಂದು ದೂರದರ್ಶಕದ್ದು. ಆ ಖಾಲಿ ತುಂಬಿಸಿ ಇಬ್ಬರೂ ಸೇರಿ ಪ್ರಬಂಧ ಬರೆದೆವು. ಅವನು ಕೇಳಿದ್ದು ಎರಡೇ ಪದದ ಇಂಗ್ಲಿಷಿನಲ್ಲಿ.

ಊರಿಗೆ ಬಂದ ಮೇಲೆ ವಾರದೊಳಗೆ ಮೇಲ್ ಬರೆಯಿರಿ. ನಾಲ್ಕು ಸಾಲು ಸಾಕು. "ದಯವಿಟ್ಟು ಮಾರ್ಗದರ್ಶನ ಮಾಡಿ" ಅಂತ ಸುಮ್ನೆ ಬರೆದರೆ ಯಾರಿಗೂ ಉತ್ತರ ಕೊಡಲು ಆಗುವುದಿಲ್ಲ. ಅವರ ಪೋಸ್ಟರಿನಲ್ಲಿ ನೀವು ನೋಡಿದ ಒಂದು ವಿಷಯ, ಅದರ ಬಗ್ಗೆ ಒಂದು ಪ್ರಶ್ನೆ. ಉತ್ತರ ಬರುತ್ತದೆ.

ಇನ್ನು ಸಮಿತಿಗಳ ಮಾತು. ಸಾರ್ವಜನಿಕರಿಗೆ, ಶಾಲೆಗಳಿಗೆ ಖಗೋಳ ವಿಜ್ಞಾನ ಮುಟ್ಟಿಸಲು ಸೊಸೈಟಿಯಲ್ಲಿ ಒಂದು ಸಮಿತಿ ಇದೆ. ಶೂನ್ಯ ನೆರಳಿನ ದಿನದ ಬಗ್ಗೆ ಅದು ತುಂಬಾ ಕೆಲಸ ಮಾಡಿದೆ. ನಿಮಗೆ ಹೇಳಿ ಮಾಡಿಸಿದ ಕೆಲಸ ಅದು, ಯಾಕೆ ಅಂತ ನೋಡಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳಿಲ್ಲ. ಅದೇ ದಿನ ಕಲಬುರಗಿಯಲ್ಲಿ ಒಂದು ಮೀಟರ್ ಕೋಲಿಗೆ ಉತ್ತರದ ಕಡೆ ಸುಮಾರು ಏಳೂವರೆ ಸೆಂಟಿಮೀಟರ್ ನೆರಳು ಬೀಳುತ್ತದೆ. ಅಂದರೆ ಅಲ್ಲಿ ಸೂರ್ಯ ನೆತ್ತಿಯಿಂದ 4.3 ಡಿಗ್ರಿ ವಾಲಿರುತ್ತಾನೆ. ಎರಡೂ ಊರಿನ ನಡುವೆ ಉತ್ತರ-ದಕ್ಷಿಣವಾಗಿ ಹೆಚ್ಚುಕಡಿಮೆ 480 ಕಿ.ಮೀ. 4.3 ಡಿಗ್ರಿಗೆ ಇಷ್ಟಾದರೆ ಪೂರ್ತಿ ಸುತ್ತು 360 ಡಿಗ್ರಿಗೆ ಎಷ್ಟು ಅಂತ ಲೆಕ್ಕ ಹಾಕಿ, ಭೂಮಿಯ ಸುತ್ತಳತೆ 40 ಸಾವಿರ ಕಿ.ಮೀ. ಹತ್ತಿರ ಬರುತ್ತದೆ. ಈ ಲೆಕ್ಕಕ್ಕೆ ಬೆಂಗಳೂರಿನಲ್ಲಿ ಒಬ್ಬರು ಇದ್ದರೆ ಸಾಲದು, ಉತ್ತರದಲ್ಲೂ ಒಬ್ಬರು ಬೇಕೇ ಬೇಕು. ನಿಮ್ಮೂರಿನ ಶೂನ್ಯ ನೆರಳು ಮೇ ಎರಡನೇ ವಾರದಲ್ಲಿ. ಆವಾಗ ಬೆಂಗಳೂರಿನವರು ನಿಮಗೆ ಅಳತೆ ಕೊಡಬೇಕು. ಶಾಲೆ ಮಕ್ಕಳಿಗೆ ಇದನ್ನೆಲ್ಲ ಕನ್ನಡದಲ್ಲಿ ಬರೆದುಕೊಡುವವರೂ ಬೇಕು, ಮತ್ತೆ ಅದು ನಿಮ್ಮ ಕೈಲಿರುವ ಕೆಲಸ. ನೀವಾಗಿಯೇ ಮುಂದೆ ಬಂದು ಮಾಡ್ತೀನಿ ಅನ್ನಿ. ಮುಂದಿನ ಸಭೆಯಲ್ಲಿ ಹೆಸರು ಹಿಡಿದು ಕರೆಯುವವರು ಇರುತ್ತಾರೆ. ಪರಿಚಯ ಅನ್ನೋದು ಹೀಗೆ ಕೆಲಸದ ಜೊತೆಗೆ ಬಂದರೆ ಉಳಿಯುತ್ತದೆ, ಕಾರ್ಡು ಹಂಚಿದರೆ ಉಳಿಯುವುದಿಲ್ಲ.

ಸಂಶೋಧನಾ ವಿದ್ಯಾರ್ಥಿಗಳೇ ಸೇರಿ ನಡೆಸುವ ಯಂಗ್ ಆಸ್ಟ್ರನಾಮರ್ಸ್ ಮೀಟ್‌ಗೂ ಹೋಗಿ. ಅಲ್ಲಿ ಎಲ್ಲರೂ ನಿಮ್ಮ ವಯಸ್ಸಿನವರು, ಭಯ ಕಡಿಮೆ. ಪಿಎಚ್‌ಡಿ ಮುಗಿದ ಮೇಲೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದಲ್ಲಿ ಕಿರಿಯ ಸದಸ್ಯತ್ವಕ್ಕೆ ಅರ್ಜಿ ಹಾಕಬಹುದು. 2018ರಿಂದ ಆ ಅವಕಾಶ ಇದೆ. ಅಲ್ಲಿನ ಒಂಬತ್ತು ವಿಭಾಗಗಳಲ್ಲಿ ನಿಮ್ಮ ನಕ್ಷತ್ರಗಳಿಗೂ ಒಂದು ವಿಭಾಗ ಇದೆ.

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಉಪನ್ಯಾಸಕಿ. ವಿಜ್ಞಾನ ಸಂಘಗಳಲ್ಲಿ ಮಹಿಳೆಯರಿಗೆ ಬೇರೆ ಗುಂಪು ಮಾಡುವುದು ಸರಿಯೇ? ನಮ್ಮನ್ನು ನಾವೇ ಮೂಲೆಗೆ ತಳ್ಳಿಕೊಂಡ ಹಾಗೆ ಆಗಲ್ವಾ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಇವು ಹೆಂಗಸರು ಬೇರೆ ಕೂರಲು ಮಾಡಿದ ಗುಂಪುಗಳಲ್ಲ. ಖಗೋಳ ಸೊಸೈಟಿಯಲ್ಲಿ ಲಿಂಗ ಸಮಾನತೆಯ ಕಾರ್ಯಗುಂಪು ಇದೆ. ಇಂಡಿಯನ್ ಫಿಸಿಕ್ಸ್ ಅಸೋಸಿಯೇಷನ್ 2017ರಲ್ಲಿ ಇಂಥದ್ದೇ ಒಂದನ್ನು ಮಾಡಿತು. ಬೆಂಗಳೂರಿನ ಖಗೋಳ ವಿಜ್ಞಾನಿ ಪ್ರಜ್ವಲ್ ಶಾಸ್ತ್ರಿ ಆಗ ಅದರ ಮುಂದಾಳಾಗಿದ್ದರು. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಆ ಗುಂಪು ನಡೆಸಿದ ಸಮ್ಮೇಳನದಿಂದ ಹೈದರಾಬಾದ್ ಚಾರ್ಟರ್ ಬಂತು. ಸಂಸ್ಥೆಗಳು ಏನೇನು ಬದಲಾಯಿಸಬೇಕು ಅಂತ ಅದರಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಕಾಲದಲ್ಲಿ ಈ ಮಾತುಗಳನ್ನು ಲೇಡೀಸ್ ಹಾಸ್ಟೆಲಿನ ಕೋಣೆಯಲ್ಲಿ ಆಡಿ ಅಲ್ಲೇ ಬಿಡುತ್ತಿದ್ದೆವು. ಅಧ್ಯಕ್ಷರ ಮೇಜಿನವರೆಗೆ ಅವು ಹೋಗುತ್ತಲೇ ಇರಲಿಲ್ಲ. ನಿಮ್ಮ ಕಾಲೇಜಿನಿಂದ ಎಂಎಸ್ಸಿಗೆ ಹೋಗುವ ಹುಡುಗಿಯರಿಗೆ ಆ ಚಾರ್ಟರ್ ಓದಲು ಕೊಡಿ, ಹುಡುಗರಿಗೂ ಕೊಡಿ.