ಇಳಿದು ನೋಡಲು ನಾಚಿಕೆ ಬೇಡ

ಪೀಣ್ಯದ ಸಾಗಣೆ ಸಂಸ್ಥೆಯೊಂದರಲ್ಲಿ ತರಬೇತಿ ಚಾಲಕರಾಗಿರುವ ದಾಸರಹಳ್ಳಿಯ ಯುವಕರೊಬ್ಬರ ಪತ್ರ ಓದಿ ನನಗೆ ಸಿಟ್ಟು ಬಂತು. ಅದು ಅವರ ಮೇಲಿನ ಸಿಟ್ಟಲ್ಲ. ಗೂಡ್ಸ್ ಆಟೋ ಓಡಿಸುತ್ತಿದ್ದ ಇವರು ಈಗ ಹತ್ತು ಚಕ್ರದ ಲಾರಿ ಹತ್ತಿದ್ದಾರೆ. ಇಕ್ಕಟ್ಟಾದ ರಸ್ತೆಯಲ್ಲಿ ರಿವರ್ಸ್ ತೆಗೆಯುವಾಗ ಲಾರಿಯ ಹಿಂಬದಿಯ ಎಡಮೂಲೆ ಗೋದಾಮಿಗೆ ತಗುಲಿ ಶಟರ್ ಬಾಗಿತು, ಟೈಲ್ ಲ್ಯಾಂಪ್ ಒಡೆಯಿತು. ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ, ರಿವರ್ಸ್ ಗೇರ್ ಹಾಕಿದರೆ ಕೈ ನಡುಗುತ್ತದೆ, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಹಿಂದಿನವರು ಹಾರ್ನ್ ಹೊಡೆದರೆ ಗಾಡಿ ಆಫ್ ಆಗಿಬಿಡುತ್ತದೆ. ತಂದೆ ಮತ್ತೆ ಆಟೋ ಹಿಡಿ ಎನ್ನುತ್ತಿದ್ದಾರೆ.

ಪತ್ರದ ನಡುವೆ ಅವರು ಬರೆದು ಹಾಗೆಯೇ ದಾಟಿಹೋಗಿರುವ ಒಂದು ಸಾಲಿದೆ: ‘ಇಳಿದು ನೋಡೋಣ ಎನಿಸಿತು, ಆದರೆ ಇಳಿದರೆ ಉಸ್ತಾದ್ ಎಲ್ಲರೆದುರು ನಗುತ್ತಾರೆ.’ ಲಾರಿ ಕಲಿಸುವ ಆ ಉಸ್ತಾದ್ ಆಗ ಪಕ್ಕದ ಸೀಟಿನಲ್ಲಿ ಮೊಬೈಲ್ ನೋಡುತ್ತಿದ್ದರಂತೆ. ಕ್ಲೀನರ್ ಬಂದಿರಲಿಲ್ಲವಂತೆ.

ತಮ್ಮಾ, ಶಟರ್ ಬಾಗಿದ್ದರಲ್ಲಿ ನಿಮ್ಮ ಪಾಲು ಚಿಕ್ಕದು. ಕಲಿಯುವವನ ಪಕ್ಕದಲ್ಲಿ ಪರವಾನಗಿ ಇರುವ ಬೋಧಕ, ಬೇಕಾದಾಗ ವಾಹನವನ್ನು ನಿಲ್ಲಿಸಲು ಆಗುವಂತೆ, ಕುಳಿತಿರಬೇಕೆಂದು ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ನಿಮ್ಮ ಕೈಗೆ ಹೆವಿ ವಾಹನದ ಪರವಾನಗಿ ಬಂದ ಮಾತ್ರಕ್ಕೆ ಕಲಿಸಲೆಂದೇ ನೇಮಕವಾದವರ ಹೊಣೆ ಕಳಚಿಕೊಳ್ಳುವುದಿಲ್ಲ. ಕ್ಲೀನರ್ ಇಲ್ಲದ ದಿನ ಅವರೇ ಇಳಿದು ಹಿಂದೆ ನಿಂತು ಬಾಡಿ ತಟ್ಟಿ ಸನ್ನೆ ಕೊಡಬೇಕಿತ್ತು. ಅವಮಾನ ಮಾಡಿ ಯಾರಿಗೂ ವಿದ್ಯೆ ಕಲಿಸಲಾಗದು ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಲಾರಿಯ ನೇರ ಹಿಂಬದಿ ಯಾವ ಪಕ್ಕದ ಕನ್ನಡಿಗೂ ಕಾಣುವುದಿಲ್ಲ. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಹಿಂಬದಿಯನ್ನು ಬಲಕ್ಕೆ ತಿರುಗಿಸುವಾಗ ಕಿಟಕಿಯಿಂದ ತಲೆ ಹೊರಹಾಕಿಯಾದರೂ ನೋಡಬಹುದು. ಎಡಕ್ಕೆ ತಿರುಗಿಸಿದರೆ ಆ ಮೂಲೆಯನ್ನು ಹಾಗೆ ನೋಡಲಾಗದು, ಎಡಗನ್ನಡಿಯೊಂದೇ ಗತಿ. ನಿಮಗೆ ಏಟು ಬಿದ್ದದ್ದು ಎಡಮೂಲೆಗೇ ಅಲ್ಲವೇ? ಅಲ್ಲಿ ಇಳಿದು ನೋಡಬೇಕೆಂದು ನಿಮಗೆ ತೋಚಿದ್ದು ಹೆದರಿಕೆಯಿಂದಲ್ಲ, ಚಾಲಕನ ಬುದ್ಧಿಯಿಂದ.

ಆದ್ದರಿಂದ ನಾನು ಹೇಳುವುದು ಒಂದೇ. ನಾಳೆಯಿಂದ ಪ್ರತಿ ಸಲ ರಿವರ್ಸ್ ತೆಗೆಯುವ ಮುನ್ನ ಪಾರ್ಕಿಂಗ್ ಬ್ರೇಕ್ ಹಾಕಿ, ಕೆಳಗಿಳಿದು, ಗಾಡಿಯನ್ನು ಒಂದು ಸುತ್ತು ಹಾಕಿ. ನೆಲದ ಚರಂಡಿ ಕಲ್ಲನ್ನೂ ತಲೆಯ ಮೇಲಿನ ತಂತಿಯನ್ನೂ ಶೀಟನ್ನೂ ನೋಡಿ, ಎಲ್ಲಿ ನಿಲ್ಲಿಸಬೇಕೆಂದು ಗುರುತು ಮಾಡಿಕೊಂಡು ಹತ್ತಿ. ಹಿಂದೆ ನಿಂತು ದಾರಿ ತೋರುವವರು ಕನ್ನಡಿಯಿಂದ ಮರೆಯಾದ ಕ್ಷಣವೇ ಬ್ರೇಕ್ ಒತ್ತಿ. ಅನುಮಾನ ಬಂದರೆ ಮತ್ತೆ ಇಳಿಯಿರಿ. ಯಾರು ನಕ್ಕರೂ, ಎಷ್ಟು ಹಾರ್ನ್ ಹೊಡೆದರೂ ಇದನ್ನು ಬಿಡಬೇಡಿ. ಹಿಂದೆ ಏನಿದೆ ಎಂದು ಗೊತ್ತಿದ್ದಾಗ ಕೈಯ ನಡುಕ ತಾನಾಗಿ ತಗ್ಗುತ್ತಾ ಬರುತ್ತದೆ. ಅಷ್ಟಾಗಿಯೂ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಿ. ನಿದ್ದೆಗೆಟ್ಟ ದಿನ ಸ್ಟಿಯರಿಂಗ್ ಹಿಡಿಯಬೇಡಿ.

ತಂದೆಯವರಿಗೆ ಇನ್ನಷ್ಟು ತಿಂಗಳು ಕಾಯಲು ಹೇಳಿ. ಮಾಲೀಕರಿಗೆ ಅಂದು ನಡೆದದ್ದನ್ನೆಲ್ಲ, ಕ್ಲೀನರ್ ಇರಲಿಲ್ಲವೆಂಬುದನ್ನೂ ಸೇರಿಸಿ, ಬರೆದು ಕೊಡಿ ಮತ್ತು ಬೇರೆ ಉಸ್ತಾದರ ಜೊತೆ ಹಾಕಿರೆಂದು ಕೇಳಿ.